ಲಕ್ಷ್ಮಿದೇವಮ್ಮನ ನಲವತ್ತು ಗಂಟೆ

ಹೊಳೆನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲೊಂದರ ಉಪಾಧ್ಯಾಯರ ಕೊಠಡಿಯಲ್ಲಿ, ಅರವತ್ತಮೂರು ಅರವತ್ತನಾಲ್ಕರ ಸುಮಾರಿಗೆ, ಒಂದು ಕಪ್ಪು ಹಲಗೆ ತೂಗುಹಾಕಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಉಪಾಧ್ಯಾಯರ ಹೆಸರು, ಹೆಸರಿನ ಎದುರಿಗೆ ಅವರವರ ಓದು. ನಾಲ್ಕನೆಯ ಸಾಲಿನಲ್ಲಿ ‘ಶ್ರೀಮತಿ ಲಕ್ಷ್ಮಿದೇವಮ್ಮ, ಬಿ.ಎ., ಫ್ರೆಂಚ್’ ಎಂದಿತ್ತು. ತನಿಖೆಗೆ ಬಂದ ಸಾಹೇಬರೆಲ್ಲ ಆ ಸಾಲಿನ ಹತ್ತಿರ ಒಂದು ಗಳಿಗೆ ನಿಲ್ಲುವರು. ಒಬ್ಬರಂತೂ ಹಲಗೆ ಬರೆದವನು ಎಲ್ಲೋ ಎಡವಿದ್ದಾನೆಂದು ತಿಳಿದು ‘ಇದನ್ನು ತಿದ್ದಿಸಿ’ ಎಂದು ಷರಾ ಬರೆದು ಹೋದರು. ಇನ್ನೊಬ್ಬರು, “ನೀವು ಪಾಂಡಿಚೇರಿ ಕಡೆಯವರೇನಮ್ಮಾ?” ಎಂದು ಕೇಳಿದರು. “ಇಲ್ಲ ಸಾ, ಸಾಲಗಾಮೆ ಕಡೆಯೋಳು” ಎಂದು ಹೇಳಿ ಲಕ್ಷ್ಮಿದೇವಮ್ಮ ಚಾಕ್‌ಪೀಸು ಎತ್ತಿಕೊಂಡು ತರಗತಿಗೆ ಹೊರಟುಬಿಟ್ಟಳು. ಅದರ ಹಿಂದಿನ ಕಥೆ ಹೇಳಲು ಒಂದು ಪೀರಿಯಡ್ಡು ಸಾಲದು, ಮೇಲಾಗಿ ಸಾಹೇಬರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ನಮಗೇನೂ ಬಸ್ಸಿಲ್ಲ, ಕೇಳೋಣ.

ಹಾಸನದಿಂದ ಸಾಲಗಾಮೆಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಒಂದು ಹಳೆಯ ಬಂಗಲೆ ಇತ್ತು. ಅದರಲ್ಲಿ ಮದಾಮ್ ರೋಶ್ ಎಂಬ ಫ್ರೆಂಚ್ ಮುದುಕಿ ಇದ್ದಳು. ಗಂಡ ಘಟ್ಟದ ಅಂಚಿನಲ್ಲಿ ಕಾಫಿ ತೋಟ ಮಾಡಿ, ಮಾರಿ, ಈ ಬಂಗಲೆಗೆ ಬಂದು ಎರಡೇ ವರ್ಷಕ್ಕೆ ತೀರಿಕೊಂಡಿದ್ದ. ಮದಾಮ್ ಊರಿಗೆ ಹಿಂದಿರುಗಲಿಲ್ಲ. ಅವಳ ಬಳಿ ಎರಡು ಕಪಾಟು ಪುಸ್ತಕ, ನೀಲಿ ಅಂಚಿನ ಹನ್ನೆರಡು ಪಿಂಗಾಣಿ ತಟ್ಟೆ, ಮತ್ತೆ ಚಿಕ್ಕಯ್ಯ ಎಂಬ ಅಡುಗೆಯವನು ಇದ್ದರು. ಸುತ್ತಲಿನ ಜನ ಅದನ್ನು ರೋಸಮ್ಮನ ಬಂಗಲೆ ಎಂದು ಕರೆಯುತ್ತಿದ್ದರು. ಆ ಹೆಸರು ಮುದುಕಿಗೂ ಒಗ್ಗಿಹೋಗಿತ್ತು.

ಪರಂಗಿಯವರ ಮನೆಯ ಅಡುಗೆಗೆ ಮೇಲಿನ ಜಾತಿಯವರು ಯಾರೂ ಸೇರುತ್ತಿರಲಿಲ್ಲ. ಆ ಒಲೆಯ ಮೇಲೆ ಏನು ಬೇಯುತ್ತದೋ ಎಂಬ ಭಯ. ಹಾಗಾಗಿ ಆ ಕೆಲಸ ಕೇರಿಯ ಚಿಕ್ಕಯ್ಯನ ಪಾಲಿಗೆ ಬಂತು. ಬಂದ ಮೇಲೆ ಅವನು ಅದನ್ನು ಯಾರೂ ಬೆರಳು ತೋರಿಸದ ಹಾಗೆ ಕಲಿತ. ಬಡಿಸುವುದು ಕೂತವರ ಎಡಗಡೆಯಿಂದ, ತಟ್ಟೆ ತೆಗೆಯುವುದು ಬಲಗಡೆಯಿಂದ. ಬಡಿಸುವಾಗ ಮಾತಿಲ್ಲ, ಕೂತವರ ಮುಖ ನೋಡುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಹನ್ನೆರಡು ತಟ್ಟೆಯಲ್ಲಿ ಒಂದೂ ಒಡೆದಿರಲಿಲ್ಲ. ಹೀಗೆ ದಿನವೂ ಸೂಪು ಕಾಯಿಸಿ, ಕಬ್ಬಿಣದ ಡ್ರಮ್ಮಿನಲ್ಲಿ ಬ್ರೆಡ್ಡು ಸುಟ್ಟು, ಸಂಜೆ ಮನೆಗೆ ಬಂದು ಮುದ್ದೆ ಮುರಿಯುತ್ತ “ಅಬ್ಬ, ಈಗ್ ಊಟ ಮಾಡ್ದಂಗಾಯ್ತು” ಎನ್ನುವನು. ಸೂಪನ್ನು ಊಟವೆಂದು ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಲಕ್ಷ್ಮಿದೇವಮ್ಮ ಚಿಕ್ಕಯ್ಯನ ಒಬ್ಬಳೇ ಮಗಳು. ತಾಯಿ ಹೆರಿಗೆಯಲ್ಲೇ ಹೋಗಿದ್ದರಿಂದ ಕೂಸು ಬೆಳೆದಿದ್ದು ಆ ಬಂಗಲೆಯ ಅಡುಗೆಮನೆಯಲ್ಲೇ. ಕನ್ನಡದ ಜೊತೆಜೊತೆಗೇ ಅವಳ ಬಾಯಿಗೆ ಫ್ರೆಂಚ್ ಹತ್ತಿತು. ಮೊದಲು ಬಂದ ಮಾತುಗಳೆಲ್ಲ ಒಲೆಯ ಸುತ್ತಿನವು. ಲೋಟ, ತಟ್ಟೆ, ತೊಳೆ, ಒರೆಸು, ಬೋರಲು ಹಾಕು, ಬೇರೆ ಇಡು, ಇವೇ. ಅವಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಮದಾಮ್ ಕಣ್ಣಿಗೆ ಪೊರೆ ಬಂತು, ಓದಿ ಹೇಳಲು ಒಬ್ಬರು ಬೇಕಾಯಿತು. ಮದಾಮ್ ಅಕ್ಷರ ಕಲಿಸಿದಳು. ಹುಡುಗಿ ಮೊದಲು ಕಾಗದಗಳನ್ನು, ಆಮೇಲೆ ಪೇಪರನ್ನು, ಆಮೇಲೆ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಓದಿ ಹೇಳಿದಳು. ಅಷ್ಟನ್ನೂ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡೇ ಓದಿದಳು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಕೂತ್ಕೋ ಎನ್ನುವುದು ಮದಾಮ್‌ಗೆ ಹೊಳೆಯಲಿಲ್ಲ. ಒಳ್ಳೆಯವಳೇ, ಆದರೆ ಹೊಳೆಯಲಿಲ್ಲ.

ಮೆಟ್ರಿಕ್ ಆಯಿತು, ತರಬೇತಿ ಆಯಿತು, ಸಾಲಗಾಮೆಯ ಪ್ರೈಮರಿ ಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು. ಹಾಸನದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮಂಚಯ್ಯನನ್ನು ಮದುವೆಯಾದಳು. ಮಂಚಯ್ಯ ನಗುಮುಖದವನು. ಹೆಂಡತಿ ತನಗಿಂತ ಹೆಚ್ಚು ಓದಿದ್ದಾಳೆ ಎಂದು ಯಾರಾದರೂ ಕೆಣಕಿದರೆ “ಪಂಚರ್ ಆಕಕ್ಕೆ ನನ್ ಓದೇ ಎಚ್ಚು ಕಣ್ಲಾ” ಎನ್ನುವನು. ಪಾಠ ಮಾಡಿಕೊಂಡೇ ಅವಳು ಇಂಟರ್‌ಮೀಡಿಯೆಟ್ಟನ್ನೂ ಮುಗಿಸಿದಳು. ಉಪಾಧ್ಯಾಯರೂ ಹೆಂಗಸರೂ ಕಾಲೇಜಿಗೆ ಹೋಗದೆ ಪರೀಕ್ಷೆಗೆ ಕೂರಬಹುದಿತ್ತು. ಇನ್ನು ಉಳಿದದ್ದು ಬಿ.ಎ.

ಯಾವ ವಿಷಯ ತೆಗೆದುಕೊಳ್ಳುತ್ತೀ ಎಂದು ಹೆಡ್‌ಮಾಸ್ಟರ್ ರುದ್ರಯ್ಯನವರು ಕೇಳಿದಾಗ ಅವಳು ಫ್ರೆಂಚ್ ಎಂದಳು. ರುದ್ರಯ್ಯನವರು ಕೈಯಲ್ಲಿದ್ದ ನಶ್ಯವನ್ನು ಹಾಗೇ ಹಿಡಿದುಕೊಂಡು ಅವಳ ಮುಖ ನೋಡಿದರು.

“ಫ್ರೆಂಚ್ ಓದ್ಬುಟ್ಟು ಸಾಲಗಾಮೇಲಿ ಯಾರ್ ಜೊತೆ ಮಾತಾಡ್ತೀಯಮ್ಮಾ?”

“ಡಿಗ್ರಿ ಅಂದ್ರೆ ಡಿಗ್ರಿ ಅಲ್ವಾ ಸಾ. ಐಸ್ಕೂಲ್‌ಗೆ ತಗತಾರೆ.”

ಇದು ನಿಜವಾದ ಕಾರಣವೇ. ಇದರ ಕೆಳಗೆ ಇನ್ನೊಂದು ಇತ್ತು, ಅದನ್ನು ಅವಳು ಹೆಡ್‌ಮಾಸ್ಟರಿಗೆ ಹೇಳಲಿಲ್ಲ. ಕನ್ನಡವಾಗಲಿ, ಚರಿತ್ರೆಯಾಗಲಿ, ಸಂಸ್ಕೃತವಂತೂ ಕೇಳುವುದೇ ಬೇಡ, ಅವಳು ಎಲ್ಲಿಗೆ ಹೋದರೂ ಅಲ್ಲಿ ತಲೆತಲಾಂತರದಿಂದ ಯಾರೋ ಮೊದಲೇ ಬಂದು ಕೂತಿರುತ್ತಿದ್ದರು. ಇವಳು ಹೋದರೆ ಅವರು ಸ್ವಲ್ಪ ಸರಿದು ಜಾಗ ಕೊಡಬೇಕು, ಸರಿದದ್ದನ್ನು ಇವಳು ನೆನಪಿಟ್ಟುಕೊಳ್ಳಬೇಕು. ಫ್ರೆಂಚಿನಲ್ಲಿ ಮಾತ್ರ ಇಡೀ ಜಿಲ್ಲೆಯಲ್ಲಿ ಅವಳಿಗಿಂತ ಮೊದಲು ಬಂದು ಕೂತವರು ಯಾರೂ ಇರಲಿಲ್ಲ. ಆ ಒಂದು ಜಾಗ ತನ್ನದಾಗಬೇಕೆಂದು ಅವಳಿಗೆ ತುಂಬ ಆಸೆಯಿತ್ತು.

ಆರು ತಿಂಗಳು ಕಾಗದ ಬರೆದ ಮೇಲೆ ವಿಶ್ವವಿದ್ಯಾಲಯದಿಂದ ನಿಯಮಗಳ ಪುಸ್ತಕ ಬಂತು. ಅದು ಅರವತ್ತನೇ ಇಸವಿಯ ಜುಲೈ. ಬಂಗಲೆಯ ಅಡುಗೆಮನೆಯಲ್ಲಿ, ಹುರುಳಿಕಾಯಿ ಬಿಡಿಸುತ್ತಿದ್ದ ಅಪ್ಪನ ಎದುರು ಕೂತು ಅವಳು ಅದನ್ನು ಓದಿ ಹೇಳಿದಳು. ಪತ್ರಿಕೆಗಳು ಆರು. ಅನುವಾದ, ಪ್ರಬಂಧ, ಗದ್ಯ, ಪದ್ಯ, ಸಾಹಿತ್ಯದ ಚರಿತ್ರೆ, ಆರನೆಯದು ಫ್ರೆಂಚ್ ಜನರ ರೀತಿನೀತಿ. ಇವೆಲ್ಲ ಆದ ಮೇಲೆ ಬಾಯಿಮಾತಿನ ಪರೀಕ್ಷೆ. ಅದರಲ್ಲಿ ಐದು ನಿಮಿಷ ಯಾರೂ ಪ್ರಶ್ನೆ ಕೇಳದೆ ಅಭ್ಯರ್ಥಿ ತಾನಾಗಿಯೇ ಯಾವುದಾದರೊಂದು ಪದ್ಧತಿಯ ಬಗ್ಗೆ ಮಾತಾಡಬೇಕು. ಬಾಯಿಮಾತಿನಲ್ಲಿ ಫೇಲಾದರೆ ಆರೂ ಪತ್ರಿಕೆಗಳನ್ನು ಮೊದಲಿಂದ ಬರೆಯಬೇಕು. ಇಷ್ಟಕ್ಕೆ ಅವಳು ಹೆದರಲಿಲ್ಲ. ಹದಿನಾಲ್ಕನೆಯ ನಿಯಮಕ್ಕೆ ಬಂದಾಗ ಅವಳ ಧ್ವನಿ ನಿಂತಿತು.

ಕಾಲೇಜಿಗೆ ಹೋಗದ ಅಭ್ಯರ್ಥಿಗಳು ಆ ಭಾಷೆಯನ್ನು ಹುಟ್ಟಿನಿಂದ ಆಡುವವರೊಡನೆ ಊಟದ ಮೇಜಿನಲ್ಲಿ ಕುಳಿತು, ಕಡಿಮೆಯೆಂದರೆ ನಲವತ್ತು ಗಂಟೆ ಸಂಭಾಷಣೆ ಮಾಡಿರಬೇಕು. ಆತಿಥ್ಯ ನೀಡಿದವರು ಸಹಿ ಮಾಡಿದ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಆ ಪತ್ರ ಆ ವರ್ಷದ ಪರೀಕ್ಷೆಗೆ ಮಾತ್ರ ಸಲ್ಲುತ್ತದೆ. ಫ್ರೆಂಚರ ಸಂಸ್ಕೃತಿಯೆಲ್ಲ ಊಟದ ಮೇಜಿನ ಮೇಲೇ ಇದೆ ಎಂದು ಯಾವ ಪುಣ್ಯಾತ್ಮ ವಿಶ್ವವಿದ್ಯಾಲಯಕ್ಕೆ ಹೇಳಿದನೋ ಗೊತ್ತಿಲ್ಲ. ಹೇಳಿದವನು ಚೆನ್ನಾಗಿ ಉಂಡವನೇ ಇರಬೇಕು.

“ಅದ್ಕೇನಂತೆ? ನಲ್ವತ್ ಅಲ್ಲ, ನಾಕ್ ಸಾವ್ರ ಗಂಟೆ ಮಾತಾಡಿದ್ದೀಯ” ಎಂದ ಚಿಕ್ಕಯ್ಯ.

“ನಿಂತ್ಕಂಡು ಕಣಪ್ಪ. ಕೂತ್ಕಂಡು ಒಂದ್ ಗಂಟೆನೂ ಇಲ್ಲ.”

ಚಿಕ್ಕಯ್ಯನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಆಮೇಲೆ ಅವನು ಅದರ ನಾರು ತೆಗೆದು ಪಾತ್ರೆಗೆ ಹಾಕಿದ.

ಮದಾಮ್ ಸುಮ್ಮನೆ ಒಂದು ಸಹಿ ಹಾಕಿಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಲಕ್ಷ್ಮಿದೇವಮ್ಮ ಕೇಳಿಯೂ ನೋಡಿದಳು. ಮದಾಮ್ ಮೊಂಡಿ. ಎಪ್ಪತ್ತೆಂಟು ವರ್ಷದಲ್ಲಿ ಸುಳ್ಳಿಗೆ ಸಹಿ ಹಾಕಿಲ್ಲ, ಈಗ ಹಾಕುವುದಿಲ್ಲ ಎಂದಳು. ಆಮೇಲೆ, “ನೀನು ಇಷ್ಟು ವರ್ಷವೂ ನಿಂತಿದ್ದೆಯಾ?” ಎಂದು ಕೇಳಿದಳು. ಹಾಗಾದರೆ ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಒಂದೂವರೆ ಗಂಟೆ ಕೂತು ಮಾತಾಡೋಣ, ಇಪ್ಪತ್ತೇಳು ಭಾನುವಾರಕ್ಕೆ ಲೆಕ್ಕ ಮುಗಿಯುತ್ತದೆ ಎಂದಳು. ಇನ್ನೊಂದು ಮಾತನ್ನೂ ಹೇಳಿದಳು. ಬರುವ ವರ್ಷ ಜುಲೈಗೆ ಅವಳು ಬಂಗಲೆ ಬಿಟ್ಟು ಪಾಂಡಿಚೇರಿಯ ತಂಗಿಯ ಮನೆ ಸೇರುವವಳು. ಅಂದರೆ ಇದೊಂದೇ ಸಲ. ಫೇಲಾದರೆ ಮತ್ತೊಂದು ನಲವತ್ತು ಗಂಟೆ ಕೂರಿಸಿಕೊಳ್ಳಲು ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬ ಮದಾಮ್ ಇರಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಲಕ್ಷ್ಮಿದೇವಮ್ಮ ಮದುವೆಯ ಸೀರೆ ಉಟ್ಟು ಬಂಗಲೆಗೆ ಹೋದಳು. ಅಭ್ಯಾಸಬಲದಿಂದ ಹಿತ್ತಲ ಬಾಗಿಲಿಗೆ ಬಂದವಳನ್ನು ಚಿಕ್ಕಯ್ಯ ಮುಂಬಾಗಿಲಿಗೆ ಕಳಿಸಿದ. ಅವನು ಬಿಳಿ ಕೋಟು ತೊಟ್ಟು ಗುಂಡಿ ಹಾಕಿಕೊಂಡಿದ್ದ. ಮೇಜಿನ ಮೇಲೆ ಎದುರುಬದುರು ಎರಡು ನೀಲಿ ಅಂಚಿನ ತಟ್ಟೆಗಳಿದ್ದವು. ಎಷ್ಟು ಸಾವಿರ ಸಲ ಒರೆಸಿದ್ದ ತಟ್ಟೆ, ಊಟಕ್ಕೆ ಕೂತ ಜಾಗದಿಂದ ನೋಡಿದ್ದು ಅದೇ ಮೊದಲು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಚಿಕ್ಕಯ್ಯ ಸೂಪಿನ ಬೋಗುಣಿ ಹಿಡಿದು ಒಳಗೆ ಬಂದ, ಬಂದವನೇ ಮಗಳ ಎಡಗಡೆಗೆ ಬಾಗಿದ. ಅಪ್ಪನ ಕೈ ಅಷ್ಟು ಭಾರ ಹೊತ್ತು ತನ್ನ ಮುಂದೆ ಬಾಗಿದ್ದು ಕಂಡು ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬೋಗುಣಿಗೆ ಕೈ ಹಾಕಿದಳು.

“ಕೂತ್ಕ ಕಣವ್ವ” ಎಂದ ಚಿಕ್ಕಯ್ಯ, ತುಟಿ ಅಲ್ಲಾಡಿಸದೆ. “ನನ್ ಕೆಲ್ಸ ಕೆಡುಸ್ಬ್ಯಾಡ.”

ಅವಳು ಕೂತಳು. ಅವನು ಬಡಿಸಿದ. ಮುಖ ನೋಡಲಿಲ್ಲ.

ಊಟ ಮುಗಿದ ಕೂಡಲೇ ಲಕ್ಷ್ಮಿದೇವಮ್ಮ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ತೊಳೆದು, ಒರೆಸಿ, ಬೇರೆ ತಟ್ಟೆಗಳ ಜೊತೆ ಸೇರಿಸದೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ಹಿಂದೆಯೇ ಬಂದ ಚಿಕ್ಕಯ್ಯ ಅದನ್ನು ನೋಡಿದ.

“ಊಟಕ್ ಬಂದೋರು ತಟ್ಟೆ ತೊಳಿಯಕಿಲ್ಲ.”

“ಇರ್ಲಿ ಬುಡಪ್ಪ. ನಿನ್ ಕೈಲಿ ತೊಳುಸ್ಲಾ?”

ಚಿಕ್ಕಯ್ಯ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮುಂದಿನ ಭಾನುವಾರ ನೋಡಿದರೆ ಹನ್ನೆರಡು ತಟ್ಟೆಯೂ ಒಂದರ ಮೇಲೊಂದು ಕಪಾಟಿನಲ್ಲಿದ್ದವು. ಅವಳು ಮತ್ತೆ ತೊಳೆದು ಕಿಟಕಿಯ ಮೇಲಿಟ್ಟಳು, ಅದರ ಮುಂದಿನ ವಾರ ಅದು ಮತ್ತೆ ಕಪಾಟಿಗೆ ಸೇರಿತ್ತು. ಇಪ್ಪತ್ತೇಳು ವಾರವೂ ಇದೇ ನಡೆಯಿತು. ಅಪ್ಪ ಮಗಳು ಇಬ್ಬರೂ ಮಾತಿಲ್ಲದೆ ಹಟ ಹಿಡಿದಿದ್ದರು. ಮದಾಮ್ ಕಣ್ಣಿಗೆ ಇದು ಬೀಳಲಿಲ್ಲ. ಬಿದ್ದಿದ್ದರೂ ಮಗಳು ತಂದೆಗೆ ನೆರವಾಗುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು.

ಮಾತೇನೋ ನಡೆಯಿತು. ಬ್ರೆಡ್ಡನ್ನು ತಟ್ಟೆಯ ಮೇಲಲ್ಲ, ಮೇಜಿಗೆ ಹಾಸಿದ ಬಟ್ಟೆಯ ಮೇಲೆ ಇಟ್ಟುಕೊಳ್ಳಬೇಕು, ಕೈಗಳನ್ನು ಮಡಿಲಲ್ಲಿ ಬಚ್ಚಿಡದೆ ಮೇಜಿನ ಮೇಲಿಡಬೇಕು, ಸಿಹಿಗಿಂತ ಮೊದಲು ಚೀಸು. ಹಾಸನದಲ್ಲಿ ಚೀಸು ಸಿಕ್ಕದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಗಟ್ಟಿ ಮೊಸರಿಗೆ ಉಪ್ಪು ಹಾಕಿ ಅದನ್ನೇ ಚೀಸು ಎಂದು ಇಬ್ಬರೂ ಗಂಭೀರವಾಗಿ ತಿನ್ನುವರು. ಮದಾಮ್ ಕೇಳಿದ್ದಕ್ಕೆಲ್ಲ ಲಕ್ಷ್ಮಿದೇವಮ್ಮ ತಪ್ಪಿಲ್ಲದೆ ಉತ್ತರ ಕೊಡುವಳು. ತಾನಾಗಿ ಒಂದು ಮಾತು ಮಾತ್ರ ತೆಗೆಯುತ್ತಿರಲಿಲ್ಲ. ಮದಾಮ್ ಅದನ್ನು ಗಮನಿಸಿದಳು. “ನಿನ್ನ ಫ್ರೆಂಚ್ ಚೆನ್ನಾಗಿದೆ, ಆದರೆ ಅದು ಯಾವಾಗಲೂ ಕರೆದರೆ ಬರುತ್ತದೆ. ಕರೆಯದೆ ಬರುವುದಿಲ್ಲ. ಐದು ನಿಮಿಷ ಏನು ಮಾಡುತ್ತೀ?” ಎಂದಳು. ಅದಕ್ಕೇ ಇಬ್ಬರೂ ಸೇರಿ ಮದಾಮ್ ಊರಿನ ಕ್ರಿಸ್‌ಮಸ್ ಹಬ್ಬದ ಬಗ್ಗೆ ಐದು ನಿಮಿಷದ ಭಾಷಣ ಬರೆದರು. ಲಕ್ಷ್ಮಿದೇವಮ್ಮ ಅದನ್ನು ಸಾಲಗಾಮೆಗೂ ಹಾಸನಕ್ಕೂ ನಡುವಿನ ದಾರಿಯಲ್ಲಿ ನಡೆಯುತ್ತ ಬಾಯಿಪಾಠ ಮಾಡಿದಳು. ಮಾರ್ಚಿನ ಮೊದಲ ಭಾನುವಾರಕ್ಕೆ ಇಪ್ಪತ್ತೇಳು ಮುಗಿದವು. ಮದಾಮ್ ಭೂತಗನ್ನಡಿ ಹಿಡಿದು ಸಹಿ ಹಾಕಿದಳು.

ಆರು ಪತ್ರಿಕೆಗಳು ಚೆನ್ನಾಗಿಯೇ ಆದವು. ರೀತಿನೀತಿಯ ಪತ್ರಿಕೆಯಲ್ಲಿ ಊಟದ ಮೇಜನ್ನು ವರ್ಣಿಸಿ ಎಂದು ಕೇಳಿದ್ದರು. ಅವಳು ಎಂಟು ಪುಟ ಬರೆದಳು.

ಬಾಯಿಮಾತಿನ ಪರೀಕ್ಷೆ ಇದ್ದದ್ದು ಬೆಂಗಳೂರಿನಲ್ಲಿ, ಏಪ್ರಿಲ್ ಕೊನೆಗೆ, ಮಧ್ಯಾಹ್ನ ಎರಡು ಗಂಟೆಗೆ. ಮಂಚಯ್ಯ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟ. ಬೆಳಗಿನ ಬಸ್ಸು ಚನ್ನರಾಯಪಟ್ಟಣ ದಾಟಿ ಹಿರೀಸಾವೆಯಲ್ಲಿ ಕಾಫಿಗೆ ನಿಂತಿತು. ಅಲ್ಲಿ ರಸ್ತೆಬದಿಯ ಹೋಟೆಲೊಂದರಲ್ಲಿ ಬೆಂಚಿನ ಮೇಲೆ ಕೂತು ಕುಡಿಯುವವರಿಗೆ ಹಿತ್ತಾಳೆ ಲೋಟ. ಕೇರಿಯವರಿಗೆ ಹೊರಗೆ, ಜಗಲಿಯ ಪಕ್ಕದ ಗೂಡಿನಲ್ಲಿ ಬೋರಲು ಹಾಕಿದ ಗಾಜಿನ ಲೋಟ. ಲೋಟ ತಾನೇ ತೆಗೆದುಕೊಳ್ಳಬೇಕು, ಮಾಣಿ ಎತ್ತರದಿಂದ ಕಾಫಿ ಸುರಿಯುತ್ತಾನೆ. ಕುಡಿದು, ನಲ್ಲಿಯಲ್ಲಿ ತಾನೇ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಬೇಕು. ಇದು ತಪ್ಪೆಂದು ಕಾನೂನಾಗಿ ಆರು ವರ್ಷವಾಗಿತ್ತು. ಕಾನೂನು ಆ ಗೂಡಿನವರೆಗೆ ಬಂದಿರಲಿಲ್ಲ. ಇವರು ಕೇರಿಯವರು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ. ಚಿಕ್ಕ ಊರುಗಳಲ್ಲಿ ಗೊತ್ತಾಗುತ್ತದೆ, ಮಂಚಯ್ಯನ ಮಾವನೊಬ್ಬ ಅದೇ ಊರಿನವನು. ಗಂಡ ಹೆಂಡತಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಸ್ಸು ಹತ್ತಿದರು. ಅವಳ ಮನಸ್ಸೆಲ್ಲ ಕ್ರಿಸ್‌ಮಸ್ ಹಬ್ಬದಲ್ಲಿತ್ತು. ಲೋಟ ತೊಳೆದದ್ದು ಅವಳ ನೆನಪಿನಲ್ಲೂ ಇರಲಿಲ್ಲ.

ಪರೀಕ್ಷೆ ಮಾಡುವವರು ಇಬ್ಬರು. ಒಬ್ಬರು ಪ್ರೊಫೆಸರ್ ಚಂದ್ರಶೇಖರಯ್ಯ, ಐವತ್ತು ದಾಟಿದವರು, ಹೊರದೇಶದಲ್ಲಿ ಓದಿ ಬಂದವರು. ಇನ್ನೊಬ್ಬಳು ಪಾಂಡಿಚೇರಿಯಿಂದ ಕರೆಸಿದ್ದ ಫ್ರೆಂಚ್ ಉಪಾಧ್ಯಾಯಿನಿ. ಹದಿನಾಲ್ಕನೆಯ ನಿಯಮಕ್ಕೆ ತಕ್ಕಂತೆ ಪರೀಕ್ಷೆಯೂ ಮೇಜಿನಲ್ಲೇ, ಟೀ ಬಿಸ್ಕತ್ತಿನ ಜೊತೆಗೇ. ಲಕ್ಷ್ಮಿದೇವಮ್ಮನ ಕೈ ಮೇಜಿನ ಮೇಲಿತ್ತು, ಬೆನ್ನು ನೆಟ್ಟಗಿತ್ತು. ಕೇಳಿದ ಪ್ರಶ್ನೆಗಳಿಗೆ ಉತ್ತರ ಬಂತು. ಹೌದು ಮದಾಮ್, ಇಲ್ಲ ಮದಾಮ್, ಅದು ಈ ಶತಮಾನದ್ದು, ಇದು ಆ ಪ್ರಾಂತ್ಯದ್ದು. ಆಮೇಲೆ ಚಂದ್ರಶೇಖರಯ್ಯನವರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಇನ್ನು ನೀವಾಗಿ ಮಾತಾಡಿ ಎಂದರು.

ಅವಳು ಕ್ರಿಸ್‌ಮಸ್ ಶುರು ಮಾಡಿದಳು. ಹಿಮ ಬಿತ್ತು, ಗಂಟೆ ಹೊಡೆಯಿತು, ಮಕ್ಕಳು ಒಲೆಯ ಪಕ್ಕ ಚಪ್ಪಲಿ ಇಟ್ಟರು. ಅಲ್ಲಿಗೆ ದಾರಿ ಕಡಿಯಿತು. ಮುಂದಿನ ಸಾಲು ಏನೆಂದು ಎಷ್ಟು ತಡಕಾಡಿದರೂ ಸಿಕ್ಕಲಿಲ್ಲ. ಹಿಮವನ್ನು ಅವಳು ಕಂಡವಳೇ ಅಲ್ಲ, ಸ್ವಂತದ್ದು ಹಾಕೋಣವೆಂದರೆ ಸ್ವಂತದ್ದು ಏನೂ ಇರಲಿಲ್ಲ. ಗಡಿಯಾರದ ಸದ್ದು ಕೇಳುತ್ತಿತ್ತು. ಒಂದೂವರೆ ನಿಮಿಷಕ್ಕೆ ನಿಂತ ಮಾತು ಮತ್ತೆ ಏಳಲಿಲ್ಲ. ಫ್ರೆಂಚ್ ಹೆಂಗಸು ಕರುಣೆಯಿಂದ ನಕ್ಕಳು. ಚಂದ್ರಶೇಖರಯ್ಯನವರು ಗಡಿಯಾರ ಎತ್ತಿಕೊಂಡು, “ಸರಿ, ಸಾಕು. ನೀವು ಹೋಗಬಹುದು” ಎಂದರು. ಆ ಧ್ವನಿ ಅವಳಿಗೆ ಗೊತ್ತು. ಫೇಲು ಮಾಡಬೇಕಾದ ಮಗುವಿಗೆ ಅವಳೂ ಅದೇ ಧ್ವನಿಯಲ್ಲಿ ಮಾತಾಡುತ್ತಿದ್ದಳು.

ಮುಗಿಯಿತಲ್ಲ ಎಂದು ಅವಳು ಎದ್ದಳು. ಕಣ್ಣು ತುಂಬಿ ಮೇಜು ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಮಾತ್ರ ತನ್ನ ಕೆಲಸ ತಾನು ಮಾಡಿತು. ತನ್ನ ಕಪ್ಪನ್ನೂ ಬಸಿಯನ್ನೂ ಎತ್ತಿಕೊಂಡು, ನಲ್ಲಿ ಎಲ್ಲಿದೆಯೆಂದು ಹುಡುಕುತ್ತ, ಅವಳು ಬಾಗಿಲಿನವರೆಗೆ ನಡೆದಳು.

“ಅವರು ಏನು ಮಾಡುತ್ತಿದ್ದಾರೆ?” ಎಂದಳು ಫ್ರೆಂಚ್ ಹೆಂಗಸು, ಬೆನ್ನ ಹಿಂದೆ.

ಚಂದ್ರಶೇಖರಯ್ಯನವರು ಫ್ರೆಂಚಿನಲ್ಲೇ ಹೇಳಿದರು: “ನಮ್ಮ ಕಡೆ ಅತಿಥಿಗಳು ಮನೆಯವರಿಗೆ ಕೈಜೋಡಿಸುತ್ತಾರೆ. ಅದೊಂದು ಸೌಜನ್ಯ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಗೇ ನಡೆದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ಒಂದು ಅಂಕ ಸಿಕ್ಕರೂ ಸಿಕ್ಕುತ್ತಿತ್ತು. ಆದರೆ ಲಕ್ಷ್ಮಿದೇವಮ್ಮ ಆಗ ತಾನೇ ಕೈಯಲ್ಲಿದ್ದ ಕಪ್ಪನ್ನು ನೋಡಿದಳು, ಬೆಳಗಿನ ಗಾಜಿನ ಲೋಟವೂ ಕಿಟಕಿಯ ಮೇಲಿನ ನೀಲಿ ಅಂಚಿನ ತಟ್ಟೆಯೂ ಒಟ್ಟಿಗೆ ನೆನಪಾದವು. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಅವಳು ತಿರುಗಿ ನಿಂತಳು.

“ಇಲ್ಲ ಸರ್” ಎಂದಳು ಫ್ರೆಂಚಿನಲ್ಲಿ. “ಇದು ಸೌಜನ್ಯ ಅಲ್ಲ.”

ಆಮೇಲೆ ಹೇಳಿದಳು. ಯಾರೂ ಕೇಳಿರಲಿಲ್ಲ, ಅವಳಾಗಿಯೇ ಹೇಳಿದಳು. ಇವತ್ತು ಬೆಳಿಗ್ಗೆ ಬಸ್ಸು ಒಂದು ಊರಿನಲ್ಲಿ ನಿಂತಿತು, ಅಲ್ಲಿ ಗೋಡೆಯಲ್ಲಿ ಒಂದು ಗೂಡಿದೆ, ಅದರಲ್ಲಿ ನಮ್ಮ ಲೋಟ ಬೇರೆ ಇರುತ್ತದೆ ಎಂದಳು. ಕುಡಿದ ಮೇಲೆ ನಾವೇ ತೊಳೆಯುತ್ತೇವೆ, ಬೋರಲು ಹಾಕುತ್ತೇವೆ, ಎಷ್ಟು ವರ್ಷದಿಂದ ಎಂದರೆ ಈಗ ಕೈಗೆ ಯಾರೂ ಹೇಳಬೇಕಾಗಿಲ್ಲ. ತೊಳೆ, ಒರೆಸು, ಬೋರಲು ಹಾಕು, ಬೇರೆ ಇಡು, ಈ ಮಾತುಗಳಿಗೆ ಅವಳು ತಡಕಾಡಬೇಕಾಗಲಿಲ್ಲ. ಹಾಲುಹಲ್ಲಿನ ಕಾಲಕ್ಕೇ ಬಂದ ಮಾತುಗಳು ಅವು. ತನ್ನ ಸ್ಕೂಲಿನಲ್ಲಿ ಟೀಚರಾದರೂ ನೀರಿನ ಕೊಳದಪ್ಪಲೆಗೆ ತಾನು ಕೈ ಹಾಕುವುದಿಲ್ಲ, ಮಗುವೊಂದನ್ನು ಕರೆದು ಸುರಿಸಿಕೊಳ್ಳುತ್ತೇನೆ ಎಂದಳು. ಇಪ್ಪತ್ತೇಳು ಭಾನುವಾರದ ಊಟವನ್ನೂ, ಎಡಗಡೆಯಿಂದ ಬಡಿಸಿ ಮುಖ ನೋಡದೆ ಹೋಗುವ ಅಪ್ಪನನ್ನೂ ಹೇಳಿದಳು. ಗಡಿಯಾರವನ್ನು ಯಾರೂ ನೋಡಲಿಲ್ಲ. ಐದು ನಿಮಿಷ ಎಂದೋ ಕಳೆದಿತ್ತು.

ಅವಳು ನಿಲ್ಲಿಸಿದಾಗ ಫ್ರೆಂಚ್ ಹೆಂಗಸು ಒಂದೇ ಒಂದು ಪ್ರಶ್ನೆ ಕೇಳಿದಳು. “ಆ ಮುದುಕಿಯ ಮನೆಯಲ್ಲಿ ನಿಮಗೆ ತೊಳೆಯಿರಿ ಎಂದು ಯಾರೂ ಹೇಳಲಿಲ್ಲ. ಅಲ್ಲಿ ಯಾರಿಗೋಸ್ಕರ ತೊಳೆದಿರಿ?”

ಅಪ್ಪನಿಗೋಸ್ಕರ ಎನ್ನಲು ಬಾಯಿ ತೆರೆದಳು. ಅದು ಪೂರ್ತಿ ನಿಜವಲ್ಲ ಎಂದು ಅನ್ನಿಸಿತು. ಅಪ್ಪನ ಕೈಗೆ ಕೆಲಸ ತಪ್ಪಿಸುವುದಾಗಿದ್ದರೆ ತಟ್ಟೆಯನ್ನು ಬೇರೆ ಯಾಕೆ ಇಟ್ಟೆ? “ಗೊತ್ತಿಲ್ಲ” ಎಂದಳು.

ಚಂದ್ರಶೇಖರಯ್ಯನವರು ಎದ್ದು ಬಂದರು. ಅಂದಿನ ಪರೀಕ್ಷೆಯಲ್ಲಿ ಕನ್ನಡದಲ್ಲಿ ಆಡಿದ ಮಾತು ಅವರದೊಂದೇ. “ನಮ್ದು ಅರಕಲಗೂಡ್ ಕಡೆ ಅಮ್ಮಾ” ಎಂದರು. “ಆ ಗೂಡು ನಮ್ಮೂರಲ್ಲೂ ಇದೆ, ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗಂದೆ.” ಆಮೇಲೆ, “ಕಪ್ ಇಲ್ಲೇ ಇಡಿ” ಎಂದರು.

ಅವಳು ಮೇಜಿನ ಹತ್ತಿರ ಬಂದು ಕಪ್ಪನ್ನು ಇಟ್ಟು ನಮಸ್ಕಾರ ಮಾಡಿ ಹೊರಗೆ ಬಂದಳು. ಬೇವಿನ ಮರದ ಕೆಳಗೆ ಕಾದಿದ್ದ ಮಂಚಯ್ಯ ಏನಾಯ್ತು ಎಂದ. “ಕ್ರಿಸ್‌ಮಸ್ ಮರ್ತೋಯ್ತು ಕಣಿ” ಎಂದಳು. ಬರುವಾಗ ಹಿರೀಸಾವೆಯಲ್ಲಿ ಇಬ್ಬರೂ ಬಸ್ಸಿನಿಂದ ಇಳಿಯಲಿಲ್ಲ.

ಜೂನ್ ಕೊನೆಗೆ ಫಲಿತಾಂಶ ಬಂತು. ಎರಡನೆಯ ದರ್ಜೆ. ಬಾಯಿಮಾತಿಗೆ ಐವತ್ತಕ್ಕೆ ನಲವತ್ತೊಂದು. ರುದ್ರಯ್ಯನವರು ಸ್ಕೂಲಿಗೆಲ್ಲ ಪೆಪ್ಪರಮೆಂಟು ಹಂಚಿದರು. ಹಂಚಿ ಮುಗಿದ ಮೇಲೆ, ಎಲ್ಲರೂ ನೋಡುತ್ತಿದ್ದಾಗಲೇ ಲಕ್ಷ್ಮಿದೇವಮ್ಮ ಕೊಳದಪ್ಪಲೆಯ ಹತ್ತಿರ ಹೋಗಿ, ತಾನೇ ಮುಚ್ಚಳ ತೆಗೆದು, ತಾನೇ ಮೊಗೆದು ನೀರು ಕುಡಿದಳು. ರುದ್ರಯ್ಯನವರು ನೋಡಿದರು, ನಶ್ಯ ಏರಿಸಿದರು. ಮಾರನೆಯ ದಿನ ಕೊಳದಪ್ಪಲೆ ಅಲ್ಲೇ ಇತ್ತು, ನೀರೂ ಇತ್ತು.

ಜುಲೈ ಮೊದಲ ಭಾನುವಾರ ಮದಾಮ್ ಕೊನೆಯ ಊಟಕ್ಕೆ ಕರೆದಳು. ನಲವತ್ತು ಗಂಟೆ ಮುಗಿದಿತ್ತು, ಸಹಿ ಆಗಿತ್ತು, ಇದಕ್ಕೆ ಯಾವ ನಿಯಮವೂ ಇರಲಿಲ್ಲ. ಸಾಮಾನೆಲ್ಲ ಪೆಟ್ಟಿಗೆ ಸೇರಿ ಮನೆ ಬರಿದಾಗಿತ್ತು. ಮೇಜಿನ ಮೇಲೆ ಮದಾಮ್ ಮೂರು ತಟ್ಟೆ ಇಡಿಸಿದ್ದಳು. ಮೂರನೆಯದಕ್ಕೆ ಚಿಕ್ಕಯ್ಯ ಕೂರಬೇಕು ಎಂದಳು. ಚಿಕ್ಕಯ್ಯ ಬಿಳಿ ಕೋಟಿನಲ್ಲಿ ನಿಂತು ಬಹಳ ಮರ್ಯಾದೆಯಿಂದ ಒಲ್ಲೆ ಎಂದ. “ನಾನ್ ಕೂತ್ಕಂಡ್ರೆ ಬಡ್ಸೋರ್ ಯಾರು?” ಎಂದು ಮಗಳಿಗೆ ಕನ್ನಡದಲ್ಲಿ ಹೇಳಿ ಮೂರನೆಯ ತಟ್ಟೆಯನ್ನು ತೆಗೆದುಕೊಂಡು ಹೋದ.

ಸೂಪು ಬಂತು, ಕೋಳಿ ಬಂತು, ಮೊಸರಿನ ಚೀಸೂ ಬಂತು. ಲಕ್ಷ್ಮಿದೇವಮ್ಮ ಅವತ್ತು ಯಾರೂ ಕೇಳದೆ ಮಾತಾಡಿದಳು. ಪರೀಕ್ಷೆಯ ಕಥೆ ಹೇಳಿದಳು, ಕಪ್ಪಿನ ಕಥೆಯನ್ನೂ ಹೇಳಿದಳು. ಮದಾಮ್ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು. “ನನಗೆ ಗೊತ್ತಿರಲಿಲ್ಲ” ಎಂದಳು. “ಮೂವತ್ತು ವರ್ಷ ಇಲ್ಲೇ ಇದ್ದೆ.” ಬಾಗಿಲ ಬಳಿ ನಿಂತಿದ್ದ ಚಿಕ್ಕಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಇಷ್ಟು ವರ್ಷ ಆ ಮನೆಯಲ್ಲಿದ್ದು ಅವನಿಗೂ ಫ್ರೆಂಚ್ ತಿಳಿಯುವಷ್ಟು ಬಂದಿತ್ತಲ್ಲ.

ಊಟ ಮುಗಿಯುವ ಹೊತ್ತಿಗೆ ಅವಳ ಕೈ ತಟ್ಟೆಯ ಅಂಚಿಗೆ ಹೋಗಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಳು. ಹಾಗೆ ಇಟ್ಟುಕೊಂಡು ಕೂರುವುದು ಎಷ್ಟು ಕಷ್ಟವಾಯಿತೆಂದರೆ ಆರು ಪತ್ರಿಕೆ ಅದರ ಮುಂದೆ ಏನೂ ಅಲ್ಲ. ಚಿಕ್ಕಯ್ಯ ಬಂದ. ಬಲಗಡೆಯಿಂದ ಬಾಗಿ ಮಗಳ ತಟ್ಟೆಯನ್ನು ಎತ್ತಿದ, ಅದನ್ನು ಮದಾಮ್ ತಟ್ಟೆಯ ಮೇಲೆ ಇಟ್ಟ, ಎರಡನ್ನೂ ಒಟ್ಟಿಗೆ ಒಳಗೆ ತೆಗೆದುಕೊಂಡು ಹೋದ. ನೀರಿನ ಸದ್ದು ಕೇಳಿಸಿತು. ಅರವತ್ತು ದಾಟಿದ ಅಪ್ಪ ತನ್ನ ಎಂಜಲು ತಟ್ಟೆ ತೊಳೆಯುತ್ತಿದ್ದಾನೆಂದು ಅವಳಿಗೆ ಕಣ್ಣೀರು ಬಂತು. ಆದರೂ ಏಳಲಿಲ್ಲ.

ಮದಾಮ್ ಮಲಗಲು ಹೋದ ಮೇಲೆ ಅವಳು ಅಡುಗೆಮನೆಗೆ ಬಂದಳು. ಚಿಕ್ಕಯ್ಯ ಹನ್ನೆರಡು ತಟ್ಟೆಗಳನ್ನೂ ಒಣಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇಡುತ್ತಿದ್ದ. ಯಾವುದು ಮದಾಮ್‌ದು, ಯಾವುದು ತನ್ನದು ಎಂದು ಅವಳಿಗೆ ಗೊತ್ತಾಗಲಿಲ್ಲ. ಅವನು ಕೈ ಒರೆಸಿಕೊಂಡು, ಕೋಟಿನ ಗುಂಡಿ ಬಿಚ್ಚಿ, ಅವತ್ತು ಮೊದಲ ಸಲ ಅವಳ ಮುಖ ನೋಡಿದ.

“ಇವತ್ತು ಕಣವ್ವ” ಎಂದ, “ನೀನ್ ಊಟಕ್ ಬಂದಿದ್ದು.”